ಹನ್ನೆರಡು ಹೆಬ್ಬೆಟ್ಟು

ಸಿಂಧನೂರಿನ ಸಬ್‌ಡಿವಿಜನ್ ಆಫೀಸಿನಲ್ಲಿ
ನನ್ನ ಕುರ್ಚಿಯ ಎದುರು ಯಾರೂ ಕೂರುವುದಿಲ್ಲ.
ನನ್ನ ಮಂದಿ ಕಾಲುವೆಗುಂಟ ಚೆಲ್ಲಿದ್ದಾರೆ,
ಮೂರು ಮೈಲಿಗೊಬ್ಬರು, ಗೇಟಿಗೊಬ್ಬರು,
ಒಬ್ಬರ ಸೈಕಲ್ಲಿನ ಗಂಟೆ ಇನ್ನೊಬ್ಬರಿಗೆ ಕೇಳದಷ್ಟು ದೂರ.
ಅವರ ಮುಖಕ್ಕಿಂತ ನನಗೆ
ಅವರ ಕೆಮ್ಮು ಚೆನ್ನಾಗಿ ಗೊತ್ತು.

ಅಯ್ಯಾಳಪ್ಪನ ದನಿಯ ಹಿಂದೆ ಯಾವಾಗಲೂ ಒಂದು ಟ್ರ್ಯಾಕ್ಟರು.
ಮೌಲಾಸಾಬನ ಹಿಂದೆ ರೇಡಿಯೊ.
ಯಂಕೋಬ ಮಾತು ಶುರು ಮಾಡುವ ಮುಂಚೆ
ಎಲೆ ಅಡಿಕೆ ಉಗುಳುತ್ತಾನೆ, ಅದೂ ರೆಕಾರ್ಡಾಗಿರುತ್ತದೆ.
ಶೇಕ್ಷಾವಲಿ ಮಾತೇ ಆಡುವುದಿಲ್ಲ.
ಬೆಳಿಗ್ಗೆ ಆರಕ್ಕೆ ಗೇಜಿನ ಫೋಟೊ ಕಳಿಸುತ್ತಾನೆ, ಅಷ್ಟೇ.

ಆ ರಾತ್ರಿ ಮೇಲಿನಿಂದ ನೀರು ಹೆಚ್ಚಿ ಬಂದವು.
ಊಟಕ್ಕೆ ಕೂತಿದ್ದೆ, ಬಲಗೈ ಎಂಜಲು,
ಎಡಗೈಯ ಬೆರಳಲ್ಲಿ ಬರೆದೆ:
"ಯಂಕೋಬ, ಗೇಟು 2 ಇಂಚು ಇಳಿಸಿ."
ಕಳಿಸಿ, ಸಾರು ಬಡಿಸಿಕೊಂಡೆ.
ಕೈ ತೊಳೆದು ಬರುವಷ್ಟರಲ್ಲಿ ಗ್ರೂಪಿನ ತುಂಬ
ಹನ್ನೆರಡು ಹೆಬ್ಬೆರಳು ಎದ್ದು ನಿಂತಿದ್ದವು.
ಹೇಳಿದ್ದು ಒಬ್ಬನಿಗೆ, ಒತ್ತಿದ್ದು ಎಲ್ಲರೂ.
ನೆಮ್ಮದಿಯಾಗಿ ಮಲಗಿದೆ.

ಹದಿನಾಲ್ಕು ಇಂಚು ತೆರೆದಿದ್ದ ಗೇಟನ್ನು
ಹನ್ನೆರಡಕ್ಕೆ ತರಬೇಕಿತ್ತು ಯಂಕೋಬ.
ಎರಡಕ್ಕೆ ತಂದಿಟ್ಟು
ಅವನೂ ನೆಮ್ಮದಿಯಾಗಿ ಮಲಗಿದ.
ಬೆಳಕು ಹರಿದಾಗ ಕೆಳಗಿನ ಕಾಲುವೆಯ ತಳದಲ್ಲಿ
ಹುಡುಗರು ಬುಟ್ಟಿ ಹಿಡಿದು ಮೀನು ಆರಿಸುತ್ತಿದ್ದರು.
ನಾಟಿಗೆ ಬಂದ ಹೆಂಗಸರು ಬದುವಿನ ಮೇಲೆ ಕೂತು
ಇಂಜಿನಿಯರಮ್ಮನ ಹೆಸರೇನೆಂದು
ಒಬ್ಬರನ್ನೊಬ್ಬರು ಕೇಳಿ ತಿಳಿದುಕೊಂಡರು.

ಜೀಪು ಇಳಿದವಳೇ ಕೂಗಾಡಿದೆ.
ಯಂಕೋಬ ಫೋನು ತೆಗೆದು
ಲುಂಗಿಯ ಅಂಚಿನಿಂದ ಗಾಜು ಒರೆಸಿ
ನನ್ನ ಸಾಲನ್ನು ನನಗೇ ಓದಿಸಿದ.
"ನೀವು 'ಕ್ಕೆ' ಹಾಕಿದ್ದಿಲ್ರಿ ಮೇಡಮ್ಮೋರ,
ನಾನಽ ಹಾಕ್ಕೊಂಡೆ."

ಕೇಳಬಾರದಿತ್ತೇ? ಕೇಳಬಹುದಿತ್ತು.
ರಾತ್ರಿ ಹತ್ತೂವರೆಗೆ, ಹನ್ನೊಂದು ಜನರ ಮುಂದೆ,
ಇದರ ಅರ್ಥ ಏನ್ರಿ ಎನ್ನುವ ಮಾತಿಗೆ
ನಾನು ಎಂದಾದರೂ ಜಾಗ ಬಿಟ್ಟಿದ್ದೆನೇ?
ಅವರ ಅಪ್ಪಂದಿರು ಕಚೇರಿಗಳಲ್ಲಿ
ತೋರಿಸಿದ ಕಡೆ ಒತ್ತಿ ಬಂದ ನೀಲಿ ಹೆಬ್ಬೆಟ್ಟು
ಇವರ ಕೈಯಲ್ಲಿ ಹಳದಿಯಾಗಿದೆ.
ಒಪ್ಪಿಗೆ ಅಂದುಕೊಂಡು
ನಾನು ಎಣಿಸುತ್ತ ಕೂತಿದ್ದೆ.

ಗ್ರೂಪಿನಲ್ಲಿ ಹೆಬ್ಬೆರಳು ಬಂದ್ ಈಗ.
ಏನು ಮಾಡ್ತೀರಿ, ನಿಮ್ಮ ಬಾಯಲ್ಲಿ ಹೇಳ್ರಿ ಅನ್ನುತ್ತೇನೆ.
ಮೊದಲ ವಾರ ನಾಚಿದರು.
ಅಯ್ಯಾಳಪ್ಪ ಸಾಲಿ ಹುಡುಗನಂತೆ ಎದ್ದು ನಿಂತು ಹೇಳಿದನಂತೆ.
ಮೌಲಾಸಾಬ ರೇಡಿಯೊ ಸಣ್ಣ ಮಾಡಿ ಪಾಠ ಒಪ್ಪಿಸಿ,
"ಸರಿ ಐತೇನ್ರಿ? ಇಲ್ಲಂದ್ರ ಇಲ್ಲ ಅನ್ರಿ" ಎಂದ.
ಅವನು ನನಗೆ ಅಪ್ಪಣೆ ಕೊಟ್ಟದ್ದು ಅದೇ ಮೊದಲು.

ಶೇಕ್ಷಾವಲಿಯ ಫೋಟೊ ಒಂದು ದಿನ ವಾರೆಯಾಗಿ ಬಂತು.
ಅಂಕಿ ಸರಿ ಇತ್ತು, ಮೂರಡಿ ನಾಲ್ಕಿಂಚು.
ಮೂಲೆಯಲ್ಲಿ ಒಂದು ಹಸಿರು ಗಾಜಿನ ಬಳೆ.
ಫೋನು ಮಾಡಿದೆ. ಎತ್ತಿದವಳು ಮಗಳು, ಆರನೇ ಇಯತ್ತೆ.
"ಅಬ್ಬಾಗ ಜ್ವರ ರೀ, ನಾಕು ದಿನಾತು.
ಹೇಳಬ್ಯಾಡ ಅಂದಾನ."
ಹಿಂದಿನ ಫೋಟೊಗಳನ್ನು ಸರಿಸಿ ಸರಿಸಿ ನೋಡಿದೆ.
ಬಳೆ ನಾಲ್ಕರಲ್ಲೂ ಇತ್ತು.

ಇನ್ನು ಕೊನೆಯ ಮೈಲಿಯ ಹುಲಿಗೆಮ್ಮ,
ಗಂಡ ತೀರಿದ ಮೇಲೆ ಅವನ ಕೆಲಸಕ್ಕೆ ಬಂದವಳು,
ರಿಜಿಸ್ಟರಿನಲ್ಲಿ ಇಂದಿಗೂ ಗ್ಯಾಂಗ್‌ಮನ್.
ಹಿಂದೊಮ್ಮೆ ಅಂದಿದ್ದಳು:
"ನಿಮ್ಮ ಮಾತು ನಮ್ಮ ತನಕ ಬರಾದ್ರಾಗ ಸೊರಗಿರ್ತಾವ್ರಿ,
ಮ್ಯಾಲಿನವ್ರು ಅರ್ಧ ಕುಡದಿರ್ತಾರ."
ನಕ್ಕುಬಿಟ್ಟಿದ್ದೆ ಆವಾಗ.

ಈಗ ದಿನದ ಮೊದಲ ಫೋನು ಅವಳಿಗೆ.
ಎಷ್ಟು ಇಂಚು ಹುಲಿಗೆಮ್ಮಾ, ಎಂದರೆ ಉತ್ತರವಿಲ್ಲ.
ಚಪ್ಪಲಿ ಬಿಡುವ ಸದ್ದು,
ಕಲ್ಲುಮೆಟ್ಟಿಲು ಇಳಿಯುವ ಏದುಸಿರು,
ಆಮೇಲೆ ಫೋನನ್ನು ತೂಬಿನ ಬಾಯಿಗೆ ಹಿಡಿದಿರುತ್ತಾಳೆ:
ಗಳಗಳ, ತುಸು ತಡವರಿಸಿ, ಮತ್ತೆ ಗಳಗಳ.
ಪೆನ್ನು ಕೆಳಗಿಟ್ಟು ಸುಮ್ಮನಿರುತ್ತೇನೆ.
"ಬಂದಾವ್ರಿ," ಅನ್ನುತ್ತಾಳೆ ಎಷ್ಟೋ ಹೊತ್ತಿಗೆ,
"ಈಗ ಅಂಕಿ ಬರಕೋರಿ."