ಷರಾ

ಅರಸೀಕೆರೆ ಸೀಮೆಯವಳು ನಾನು. ಹದಿನಾರು ವರ್ಷದ ಸರ್ವಿಸಿನಲ್ಲಿ
ಅಳೆದದ್ದೆಲ್ಲ ಜಗಳವನ್ನೇ:
ಅಣ್ಣನ ರಾಗಿಗೆ ತಮ್ಮನ ತೆಂಗಿನ ನೆರಳು ಬಿತ್ತೆಂದು,
ಬದುವಿನ ಹುಣಸೆ ಯಾರ ಕಡೆ ಹೆಚ್ಚು ಉದುರಿತೆಂದು.
ಸರಪಳಿ ಎಳೆದಲ್ಲೆಲ್ಲ ಇಬ್ಬರು ಹೆಂಗಸರು
ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿರುತ್ತಿದ್ದರು.

ಈ ಸಲ ಬಂದ ಆರ್ಡರೇ ಬೇರೆ. ಹೆತ್ತೂರು ಹೋಬಳಿ, ಬೆಟ್ಟದ ನೆತ್ತಿ,
ಗಡಿಕಲ್ಲು ಪರಿಶೀಲಿಸಿ ವರದಿ ಮಾಡತಕ್ಕದ್ದು.
ಆಚೆಗೆ ದಕ್ಷಿಣ ಕನ್ನಡ. ಹಿಂದೊಮ್ಮೆ ಆಚೆಗೆ
ಬೇರೆ ಸರ್ಕಾರ, ಬೇರೆ ಸುಂಕ, ಬೇರೆ ಪೋಲೀಸು.
ನಕಾಶೆಯಲ್ಲೊಂದು ಚುಕ್ಕೆ. ಪಕ್ಕಕ್ಕೆ
ಇಲಿ ತಿಂದು ಬಿಟ್ಟ ಎರಡಂಕಿ.

ಕಾಡು ಮುಗಿದದ್ದು ಯಾರೋ ಬಾಗಿಲು ತೆಗೆದ ಹಾಗೆ.
ಹುಲ್ಲು.
ಹುಲ್ಲೆಂದರೆ ನನಗೆ ಬಣವೆ, ಹೊರೆ, ಇಷ್ಟು ರೂಪಾಯಿಗಿಷ್ಟು ಕಂತೆ.
ಇದಕ್ಕೆ ಒಡೆಯನಿಲ್ಲ.
ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು,
ಕಾರ್ತಿಕದ ಬಿಸಿಲಿಗೆ ತುದಿ ಮಾತ್ರ ತಾಮ್ರ,
ಗುಡ್ಡದ ಬೆನ್ನಿನಿಂದ ಗುಡ್ಡದ ಬೆನ್ನಿಗೆ
ಗಾಳಿ ಕೈಯಾಡಿಸಿದಲ್ಲೆಲ್ಲ ಮಲಗುತ್ತಿತ್ತು, ಏಳುತ್ತಿತ್ತು,
ಗಂಗೆದೊಗಲು ತುರಿಸಿದರೆ ಹಸು ಕತ್ತು ನೀಡುವಂತೆ.
ಮರಗಳೆಲ್ಲ ಕಣಿವೆಯ ಮಡಿಕೆಯೊಳಗೆ,
ಕಂಕುಳ ಕೂದಲ ಹಾಗೆ ಕಪ್ಪಗೆ, ತೇವವಾಗಿ.

'ಇಲ್ಲಿ ಮೇಲ್ಯಾಕೆ ಮರ ಬೆಳೀಲಿಲ್ಲ?' ಎಂದೆ.
ಮುಂದೆ ಹವಾಯಿ ಚಪ್ಪಲಿಯಲ್ಲಿ ನಡೆಯುತ್ತಿದ್ದ ವಾಚರ್ ದ್ಯಾವಣ್ಣ
ಕಾಲಿನ ಇಂಬಳಕ್ಕೆ ಹೊಗೆಸೊಪ್ಪಿನ ನೀರು ಹಚ್ಚುತ್ತ
'ಬೆಳೀಲೇಬೇಕು ಅಂತ ಯಾರಿಗಿದೆ?' ಅಂದ.

ಯಂತ್ರ ನೆಟ್ಟೆ. ಹದಿನಾಲ್ಕು ಉಪಗ್ರಹ ಸಿಕ್ಕವು.
ಕಲ್ಲು ಸಿಗಲಿಲ್ಲ.

ಸಿಕ್ಕಿದ್ದು ಮೂವತ್ತೊಂದು ಮೀಟರ್ ಕೆಳಗೆ,
ಪಾಚಿ ಹೊದ್ದು ತುಸು ವಾಲಿ,
ನೆತ್ತಿಯ ಬಾಣದ ಗುರುತು ಎತ್ತಲೋ ತಿರುಗಿ,
ಒಂದು ಮೂಲೆಯಲ್ಲಿ ನಾಲ್ಕೈದು ಒರಟು ಕೂದಲು.
'ಕಾಟಿ ಮೈ ಉಜ್ಜೀ ಉಜ್ಜೀ ಕೆಡವಿತ್ತು. ನಮ್ಮಜ್ಜ
ಎತ್ತಿ ನಿಲ್ಲಿಸಿದ. ಇದ್ದ ಜಾಗಕ್ಕೇ ನಿಲ್ಲಿಸಿದ್ನಾ ಅಂದ್ರೆ
ಅದನ್ನೂ ಕಾಟೀನೇ ಕೇಳಬೇಕು ಮೇಡಂ.'

ಒಂದು ರಾಜ್ಯ ಇಷ್ಟು ವರ್ಷ
ಒಂದು ಪ್ರಾಣಿಯ ತುರಿಕೆಯವರೆಗೆ ಇತ್ತು.

ಬುತ್ತಿ ಬಿಚ್ಚಿದೆ. ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ.
ಕಾಲು ಒಂದು ಜಿಲ್ಲೆಗೆ, ಬುತ್ತಿ ಒಂದು ಜಿಲ್ಲೆಗೆ.
ಚೀಲದ ತಳದಲ್ಲಿ ಆ ಕವರು ಇತ್ತು,
ಎರಡು ತಿಂಗಳಿಂದ ಇದೆ.
ನನ್ನ ತಮ್ಮ ಪಾಲಾಕ್ಷ, ಹೆಸರಲ್ಲೇ ಪಾಲು ಕಟ್ಟಿಕೊಂಡು ಹುಟ್ಟಿದವನು,
ಕೆಟ್ಟವನೇನಲ್ಲ, ವರ್ಷಕ್ಕೊಂದು ಮೂಟೆ ಕಾಯಿ
ಬಸ್ಸಿನ ಮೇಲೆ ಹಾಕಿ ಕಳಿಸುತ್ತಾನೆ,
'ಅಕ್ಕ, ಒಂದು ಸೈನು ಅಷ್ಟೇ' ಎಂದಿದ್ದಾನೆ.
ಮೂವತ್ತೆಂಟು ತೆಂಗು. ಅವ್ವ ಸೇದುತ್ತಿದ್ದ ಬಾವಿ.

ಒಂದೂವರೆಯ ಹೊತ್ತಿಗೆ ಆಚೆಯಿಂದ ಮಂಜು ಬಂತು,
ಯಾವ ಪುಸ್ತಕಕ್ಕೂ ರುಜು ಹಾಕದೆ.
ಕಲ್ಲು ಹೋಯಿತು, ದ್ಯಾವಣ್ಣ ಹೋದ,
ಅವನ ಕೆಮ್ಮು ಮಾತ್ರ ಉಳಿಯಿತು.
ಆ ಬಿಳುಪಿನಲ್ಲೇ ಫಾರಮ್ಮು ತೊಡೆಯ ಮೇಲಿಟ್ಟುಕೊಂಡು
ಷರಾ ಕಾಲಮ್ಮಿನಲ್ಲಿ ಬರೆದೆ:
ಕಲ್ಲು ಇದೆ. ಸ್ಥಳ ಬದಲಾಗಿದೆ.
ಈ ಬಗ್ಗೆ ಯಾರದೂ ತಂಟೆ ತಕರಾರು ಇರುವುದಿಲ್ಲ.

ಬರೆದಮೇಲೆ ಹೊಳೆಯಿತು, ಅದೇ ಸಾಲು,
ಅಕ್ಷರಕ್ಕಕ್ಷರ, ಕವರಿನೊಳಗೂ ಟೈಪಾಗಿದೆ,
ನನ್ನ ಹೆಸರಿನಲ್ಲಿ.
ಕೆಳಗೆ ಒಂದಿಂಚು ಜಾಗ ಖಾಲಿ.

ರಾತ್ರಿ ಸಕಲೇಶಪುರದ ಲಾಡ್ಜಿನಲ್ಲಿ
ಕಾಲುಚೀಲದಿಂದ ಹುಲ್ಲಿನ ಮುಳ್ಳುಬೀಜ ಕೀಳುತ್ತ ಕೂತೆ.
ಎಷ್ಟು ಕಿತ್ತರೂ ಒಂದು ಉಳಿದು ಚುಚ್ಚುತ್ತಿತ್ತು,
ಗಡಿಯ ಈಚೆಯದೋ ಆಚೆಯದೋ.
ಫೋನು ಬಂತು. ಅವನೇ.
ಅವನು ಅಕ್ಕಾ ಅನ್ನುವುದರೊಳಗೆ
'ಇವತ್ತು ಹುಲ್ಲು ನೋಡಿದೆ ಕಣೋ,' ಅಂದೆ,
'ತಡಿ, ಮೊದಲು ಅದನ್ನ ಹೇಳಿಬಿಡ್ತೀನಿ.'