ಬಲಬದಿಯ ಮೂರನೇ ಕಿಟಕಿ

ಟ್ರೇಲರ್ ಬಂದ ರಾತ್ರಿಯೇ ಜಗಳ ಶುರು:
ಮರಳಲ್ಲಿ ನಿಂತ ಆ ಹಡಗು ಬರೀ ಗ್ರಾಫಿಕ್ಸಂತೆ,
ತುಕ್ಕು ಅಷ್ಟು ಕೆಂಪಗಿರುವುದಿಲ್ಲವಂತೆ,
ನೀರೇ ಇಲ್ಲದ ಕಡೆ ಹಡಗು ಯಾಕೆ,
ಕಥೆ ಬರೆದವನಿಗೆ ತಲೆಯಿಲ್ಲವಂತೆ.

ನುಕುಸಿನ ಟಾಕೀಸಿನಲ್ಲಿ ಮೊದಲ ಆಟ.
ತೋಳಿಗೆ ಟಯರಿನ ಚೂರು, ಕಣ್ಣಿಗೆ ವೆಲ್ಡಿಂಗ್ ಕನ್ನಡಕ,
ಹುಡುಗರ ಸೀಟಿಯೋ ಸೀಟಿ.
ನಾಯಕನ ಲಾರಿ ಡೆಕ್ಕಿನಿಂದ ಹಾರಿತು!

ಮೊಯ್ನಾಕಿನಿಂದ ಬಸ್ಸು ಹಿಡಿದು ಬಂದ
ಒರಿನ್‌ಬಾಯ್ ಅಜ್ಜ ಮಾತ್ರ
ಲಾರಿ ನೋಡಲೇ ಇಲ್ಲ.
ಕತ್ತು ಚಾಚಿ ಹುಡುಕುತ್ತಿದ್ದ
ಬಲಬದಿಯ ಮೂರನೇ ಕಿಟಕಿ.
ಅಲ್ಲೇ ಒಲೆ ಇದ್ದದ್ದು,
ಹದಿನಾರು ಜನಕ್ಕೆ ಇವನು ಮೀನು ಹುರಿದದ್ದು.
ಹೊಗೆಯ ಕಲೆ
ಇನ್ನೂ ಇತ್ತು.

"ಎರಡನೇ ಭಾಗವೂ ಬರುತ್ತಂತೆ, ಅಜ್ಜ,"
ಅಂದೆ, ಹೊರಗೆ ಬಿಸಿಲಿಗೆ ಬಂದು.
ಕಿವಿ ಹತ್ತಿರ ತಂದ:
"ಅದರಲ್ಲಾದರೂ ನೀರು ಬರುತ್ತಾ?"