ಇಟ್ಸಾಮಿಯಾದಲ್ಲಿ ನೋಡತಕ್ಕವು

ನಕಾಶೆಯಲ್ಲಿ ದೇಶಕ್ಕಿಂತ ಹೆಸರೇ ಉದ್ದ.
ಕೊಮೊರೊಸ್ ಎಂಬ ನಾಲ್ಕಕ್ಷರ
ದ್ವೀಪಗಳ ಮೇಲೆ ಜಾಗ ಸಾಲದೆ
ಸಮುದ್ರದಲ್ಲಿ ತೇಲುತ್ತಿದ್ದವು.

ಚಿಂದಿನಿಯಿಂದ ಹೊರಟ ದೋಣಿ
ನನ್ನನ್ನು ಕುಲುಕಿ ಕುಲುಕಿ
ಕುಡಿದ ಚಹಾ ವಾಪಸು ಪಡೆದು
ಮೊಹೇಲಿಯ ದಡಕ್ಕೆ ಸುರುವಿದಾಗ
ಮೊಣಕಾಲುದ್ದ ನೀರು, ತಲೆಯ ಮೇಲೆ ಚೀಲ.
ಪಕ್ಕದಲ್ಲೊಂದು ಆಡು ಕೂಡ ಇಳಿಯಿತು,
ನನಗಿಂತ ಗೌರವದಿಂದ.

ಇಲ್ಲಿ ರಸ್ತೆಯ ಅರ್ಧ ಲವಂಗಕ್ಕೆ.
ಚಾಪೆಯುದ್ದಕ್ಕೂ ಒಣಗುವ ಮೊಗ್ಗು;
ಉಳಿದರ್ಧದಲ್ಲಿ ಟ್ಯಾಕ್ಸಿ, ಹಸು, ಶಾಲೆ ಬಿಟ್ಟ ಮಕ್ಕಳು.
ಗಾಜು ಇಳಿಸಿದರೆ
ಚಿಕ್ಕಂದಿನ ಹಲ್ಲುನೋವಿನ ರಾತ್ರಿಯೊಂದು
ಒಳಗೆ ಬಂದು ಪಕ್ಕದಲ್ಲೇ ಕೂರುತ್ತದೆ.

ಆಮೆಮನೆಯ ಮೆಟ್ಟಿಲ ಮೇಲೆ ಎಚಾಟಿ.
ಹವಳದ ಕಲ್ಲಿನಲ್ಲಿ ತೇಯ್ದ ಗಂಧ
ಹಣೆ ಕೆನ್ನೆ ಮೂಗಿಗೆಲ್ಲ ಮೆತ್ತಿ
ಒಣಗಿ, ನಕ್ಕಲ್ಲೆಲ್ಲ ಬಿರುಕು ಬಿಟ್ಟಿತ್ತು.
ಇಷ್ಟು ಗಂಧ ನಮ್ಮಲ್ಲಿ ದೇವರಿಗೂ ಸಿಗುವುದಿಲ್ಲ, ಎಂದೆ.
'ನಿಮ್ಮ ದೇವರು ಬಿಸಿಲಲ್ಲಿ ಓಡಾಡುತ್ತಾನೆಯೇ?' ಎಂದಳು.

ಜೇಬಿನಿಂದ ಪಟ್ಟಿ ತೆಗೆದೆ.
ಒಂದು, ಗಂಧಕದ ಕೆರೆ.
'ಬೆಳಿಗ್ಗೆ ಹೋದರೆ ಹಕ್ಕಿ, ಮಧ್ಯಾಹ್ನ ಹೋದರೆ ತಲೆನೋವು.'
ಎರಡು, ಮೂರು ಮೊಳ ರೆಕ್ಕೆಯ ಬಾವಲಿ.
'ಬೆಟ್ಟ ಹತ್ತಬೇಕು. ಹತ್ತಿದ ಮೇಲೆ
ನೋಡುವುದು ಅವು. ತಲೆಕೆಳಗಾದವರು ನೀವು.'
ಮೂರನೆಯದನ್ನು ಓದುವಷ್ಟರಲ್ಲಿ
ಅವಳ ಚಿಕ್ಕಮ್ಮ ತಟ್ಟೆ ತಂದಿಟ್ಟಳು:
ಮರಗೆಣಸಿನ ಎಲೆ, ತೆಂಗಿನ ಹಾಲು, ಅನ್ನ.
ಪಟ್ಟಿ ಜಿಡ್ಡಾಯಿತು.

ಆಮೆಯ ಹೊತ್ತು ಗಡಿಯಾರದಲ್ಲಿಲ್ಲ, ಉಬ್ಬರದಲ್ಲಿದೆ.
ನಡುರಾತ್ರಿ ಬಾಗಿಲು ಬಡಿದಳು.
'ಬ್ಯಾಟರಿ ಬೇಡ. ಫೋನು ಬೇಡ. ಆ ಬಿಳಿ ಅಂಗಿಯೂ ಬೇಡ.
ಬೆಳಕು ಕಂಡರೆ ಹೊಟ್ಟೆಯ ಭಾರ ಹೊತ್ತೇ
ವಾಪಸು ಹೋಗಿಬಿಡುತ್ತಾಳೆ.'
ಮತ್ತೆ ನೋಡುವುದೇನನ್ನು?
'ಕೂತುಕೊಳ್ಳಿ.'

ಕೂತೆ.
ಚಂದ್ರನಿಲ್ಲ. ಕಡಲು ಎಲ್ಲಿ ಮುಗಿದು
ಮರಳು ಎಲ್ಲಿ ಶುರುವೋ ಕಾಲಿಗಷ್ಟೇ ಗೊತ್ತು.
ಆಮೇಲೆ ಸದ್ದು,
ತುಂಬಿದ ಗೋಣಿ ಎಳೆದಂತೆ. ನಿಂತಿತು.
ಒಂದು ಉಸಿರು, ಮೆಟ್ಟಿಲು ಹತ್ತಿದ ಮುದುಕಿಯ ಹಾಗೆ.
ಮತ್ತೆ ಎಳೆತ. ಮತ್ತೆ ಉಸಿರು.
ಆಮೇಲೆ ತೋಡತೊಡಗಿತು:
ಎರಚಿದ ಮರಳು ನನ್ನ ಮೊಣಕಾಲಿಗೆ, ತುಟಿಗೆ,
ಹಲ್ಲಿನ ಸಂದಿಗೆ.

'ನ್ಯಾಂಬಾ,' ಎಂದಳು ಕಿವಿಯ ಹತ್ತಿರ.
ಅದು ಅದರ ಹೆಸರು.
ಸ್ವಲ್ಪ ಹೊತ್ತು ಬಿಟ್ಟು:
'ನೀವು ಕರ್ತಾಲಾ ಹತ್ತಿ ಬಂದಿರಂತೆ. ಹೇಗಿದೆ?'

ನೀವು ನೋಡಿಲ್ಲವೇ? ನಿಮ್ಮದೇ ಜ್ವಾಲಾಮುಖಿ.
'ಅದು ಆ ದ್ವೀಪದ್ದು. ದೋಣಿಗೆ ದುಡ್ಡು ಬೇಕು.
ಮತ್ತೆ, ನಾನು ಹೋದರೆ ಇವನ್ನು ಎಣಿಸುವವರು ಯಾರು?
ಏಳು ವರ್ಷ. ಒಂದು ರಾತ್ರಿ ತಪ್ಪಿಲ್ಲ.
ಹೇಳಿ, ಬೆಂಕಿ ಇದೆಯೇ?'

ಬೆಂಕಿ ಇದೆ ಎನ್ನಬಹುದಿತ್ತು.
ಕೆಂಪು, ಹೊಗೆ, ಕುದಿ ಎಲ್ಲ ನಾಲಿಗೆಯ ತುದಿಯಲ್ಲಿತ್ತು.
ಆದರೆ ಕತ್ತಲಲ್ಲಿ ಪಕ್ಕದಲ್ಲಿ ಒಬ್ಬಳು
ಇಷ್ಟು ಕಷ್ಟಪಟ್ಟು ಗುಂಡಿ ತೋಡುತ್ತಿರುವಾಗ
ಸುಳ್ಳು ಹೇಳುವುದು ಹೇಗೆ?

ಎರಡು ದಿನ ಹತ್ತಿದೆ, ಎಂದೆ.
ಅಂಚಿಗೆ ಹೋದಾಗ ಬರೀ ಮಂಜು.
ಕರೆದೊಯ್ದವನು ಕೋಲು ಚಾಚಿ 'ಅದೇ ಬಾಯಿ' ಎಂದ.
ಬಿಳಿ. ಒಂದು ಕಲ್ಲೆಸೆದೆ.
ಬಿದ್ದದ್ದು ಕೇಳಲಿಲ್ಲ.

ಸೆರಗನ್ನು ಬಾಯಿಗೆ ತುರುಕಿ ನಕ್ಕಳು,
ಮೈಯೆಲ್ಲ ಅಲುಗುವಂತೆ.
ತೋಡುವ ಸದ್ದು ತಟ್ಟನೆ ನಿಂತಿತು.
ಮೂವರೂ ಉಸಿರು ಹಿಡಿದೆವು.
ಎಷ್ಟು ಹೊತ್ತೋ.
ಮತ್ತೆ ಮರಳು ಹಾರಿತು.

'ಅಲ್ಲೂ ಕಾಣಲಿಲ್ಲ, ಇಲ್ಲೂ ಕಾಣಲಿಲ್ಲ.
ಒಳ್ಳೆಯ ಪ್ರವಾಸಿ!'

ಬೆಳಗಾದಾಗ ದಡದ ತುಂಬ
ಟ್ರಾಕ್ಟರ್ ಗಾಲಿಯಂಥ ಗುರುತು,
ಬಂದದ್ದೊಂದು ಸಾಲು, ಹೋದದ್ದೊಂದು.
ಎಚಾಟಿ ಹದಿನಾಲ್ಕು ಎಂದು ಬರೆದುಕೊಂಡು
ಅಂಗಾಲಿನಿಂದ ಒಂದೊಂದನ್ನೇ ಅಳಿಸುತ್ತ ನಡೆದಳು,
ನಾಳೆ ಹಳತು ಹೊಸತು ಬೆರೆಯಬಾರದಲ್ಲ.
ನನ್ನ ಹೆಜ್ಜೆಗಳ ಹತ್ತಿರ ಬಂದು
ಕ್ಷಣ ನಿಂತು
ಅವನ್ನೂ ಅಳಿಸಿದಳು.